ಒಂದೇ ಪಟ್ಟಿ, ಮೂರು ಟ್ಯಾಬ್, ಮೂರು ಬೇರೆ ಫಿಲ್ಟರ್: ಡಬ್ಲ್ಯುಪಿಎಫ್‌ನಲ್ಲಿ ಹೇಗೆ?

ದ್ರಾಕ್ಷಿಸೀಮೆ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುತ್ತಿದ್ದೇನೆ. ಭಾಷೆ ಸಿ ಶಾರ್ಪ್, ಪರದೆಗಳಿಗೆ ಮೈಕ್ರೋಸಾಫ್ಟ್‌ನ ಡಬ್ಲ್ಯುಪಿಎಫ್, ಹಿಂದೆ ಎಸ್‌ಕ್ಯುಎಲೈಟ್ ಡೇಟಾಬೇಸ್. ತಿಕೋಟಾ, ಬಬಲೇಶ್ವರ, ಇಂಡಿ ಕಡೆಯ ರೈತರು ತಂದಿಡುವ ಪ್ರತಿ ಲಾಟ್‌ಗೂ ಒಂದು ದಾಖಲೆ ಇರುತ್ತದೆ: ಲಾಟ್ ಸಂಖ್ಯೆ, ರೈತರ ಹೆಸರು, ಊರು, ಮಾಲಿನ ಬಣ್ಣ, ಎಷ್ಟು ಬಾಕ್ಸ್, ಯಾವ ಚೇಂಬರ್, ಬಂದ ದಿನ, ಹೊರಹೋಗುವ ದಿನ, ಬಾಡಿಗೆ, ಈವರೆಗೆ ಕೊಟ್ಟ ಹಣ. ಇವೆಲ್ಲ ಮೆಮೊರಿಯಲ್ಲಿ ಒಂದು ಅಬ್ಸರ್ವಬಲ್‌ಕಲೆಕ್ಷನ್‌ನಲ್ಲಿವೆ, ಅಂದರೆ ಸೇರಿಸಿದ್ದು, ಅಳಿಸಿದ್ದನ್ನು ತಾನೇ ತಿಳಿಸುವ ಪಟ್ಟಿಯಲ್ಲಿ.

ಪರದೆಯ ಮೇಲೆ ಮೂರು ಟ್ಯಾಬ್‌ಗಳಿವೆ. ಮೊದಲನೆಯದರಲ್ಲಿ ಎಲ್ಲ ಲಾಟ್‌ಗಳು, ಎರಡನೆಯದರಲ್ಲಿ ಬಾಡಿಗೆ ಬಾಕಿ ಇರುವವು, ಮೂರನೆಯದರಲ್ಲಿ ಇವತ್ತು ಹೊರಹೋಗಬೇಕಾದವು. ಒಂದೊಂದರಲ್ಲೂ ಒಂದು ಡೇಟಾಗ್ರಿಡ್ (ಸಾಲು-ಕಾಲಮ್‌ಗಳ ಕೋಷ್ಟಕ). ಮೂರಕ್ಕೂ ಅದೇ ಕಲೆಕ್ಷನ್ ಬೈಂಡ್ ಮಾಡಿದ್ದೇನೆ, ಅಂದರೆ ಜೋಡಿಸಿದ್ದೇನೆ. ಬಾಕಿ ಟ್ಯಾಬಿಗಾಗಿ ಕಲೆಕ್ಷನ್‌ನ ನೋಟವನ್ನು ಕೊಡುವ ಗೆಟ್‌ಡೀಫಾಲ್ಟ್‌ವ್ಯೂ ಕರೆದು ಅದರ ಫಿಲ್ಟರ್‌ಗೆ ಷರತ್ತು ಕೊಟ್ಟ ಕೂಡಲೇ ಮೂರೂ ಟ್ಯಾಬ್‌ಗಳಲ್ಲಿ ಬಾಕಿ ಲಾಟ್‌ಗಳು ಮಾತ್ರ ಉಳಿಯುತ್ತವೆ. ಗೋದಾಮಿನವರು ಮೊದಲ ಟ್ಯಾಬ್ ತೆರೆದು ‘ಮೂರನೇ ಚೇಂಬರಿನ ಹಸಿರು ಮಾಲು ಎಲ್ಲಿ ಹೋಯಿತು?’ ಎಂದು ಗಾಬರಿಯಿಂದ ಕೇಳುತ್ತಾರೆ. ಮಾಲು ಇದ್ದಲ್ಲೇ ಇದೆ, ಪರದೆಯಲ್ಲಿ ಇಲ್ಲ ಅಷ್ಟೆ. ಒಂದೇ ಪಟ್ಟಿಯನ್ನು ಮೂರು ಬಗೆಯಲ್ಲಿ ತೋರಿಸಲು ದಾರಿ ಇದೆಯೇ, ಅಥವಾ ಮೂರು ಪಟ್ಟಿಗಳನ್ನೇ ಇಟ್ಟುಕೊಳ್ಳಬೇಕೇ?

ಘಟಪ್ರಭಾತೀರ (ಮುಧೋಳ)

ಮೂರು ಪಟ್ಟಿ ಇಟ್ಟುಕೊಳ್ಳಿ. ಲಿಂಕ್‌ನಲ್ಲಿ (LINQ, ಸಿ ಶಾರ್ಪ್‌ನಲ್ಲಿ ಪಟ್ಟಿ ಸೋಸುವ ಸೌಲಭ್ಯ) ವೇರ್ ಬರೆದು, ಟುಲಿಸ್ಟ್‌ನಿಂದ ಹೊಸ ಪಟ್ಟಿ ಮಾಡಿ ಆಯಾ ಗ್ರಿಡ್‌ಗೆ ಕೊಟ್ಟರೆ ಕೆಲಸ ಮುಗಿಯಿತು. ಏನಾದರೂ ಬದಲಾದರೆ ಮತ್ತೆ ಮಾಡಿ. ವ್ಯೂ, ಸೋರ್ಸ್ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯ ಕಾಣುವುದಿಲ್ಲ.

ಕುಂದಾನಗರಿ (ಬೆಳಗಾವಿ)

ದಯವಿಟ್ಟು ಮೂರು ಪಟ್ಟಿ ಮಾಡಬೇಡಿ. ಒಂದೇ ಲೆಕ್ಕವನ್ನು ಮೂರು ಪುಸ್ತಕಗಳಲ್ಲಿ ಬರೆದಿಟ್ಟ ಅಂಗಡಿಯಲ್ಲಿ ಮಾರ್ಚ್ ಕೊನೆಗೆ ಯಾವ ಪುಸ್ತಕವೂ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಇಲ್ಲೂ ಹಾಗೆಯೇ. ಹೊಸ ಲಾಟ್ ಬಂದರೆ ಮೂರು ಕಡೆ ಸೇರಿಸಬೇಕು, ಅಳಿಸಿದರೆ ಮೂರು ಕಡೆ ಅಳಿಸಬೇಕು. ಪ್ರತಿ ಸಲ ಹೊಸ ಪಟ್ಟಿ ಕೊಟ್ಟಾಗ ಗ್ರಿಡ್‌ನ ಆಯ್ಕೆ, ವಿಂಗಡಣೆ ಎಲ್ಲವೂ ಕಳೆದುಹೋಗುತ್ತವೆ. ಕೆಲಸ ಮಾಡುತ್ತಿರುವ ಗುಮಾಸ್ತರ ಕಣ್ಣೆದುರಿನ ಸಾಲು ಇದ್ದಕ್ಕಿದ್ದಂತೆ ಮಾಯವಾದರೆ ಅವರಿಗಾಗುವ ಕಿರಿಕಿರಿ ಸಣ್ಣದಲ್ಲ.

ದ್ರಾಕ್ಷಿಸೀಮೆಯವರೇ, ನಿಮ್ಮ ತೊಂದರೆಯ ಬೇರು ಎಲ್ಲಿದೆ ಎಂದು ಮೊದಲು ಹೇಳುತ್ತೇನೆ. ಡಬ್ಲ್ಯುಪಿಎಫ್ 2006ರಲ್ಲಿ ಡಾಟ್‌ನೆಟ್ 3.0 ಜೊತೆ ಬಂದಾಗಿನಿಂದಲೂ ಯಾವ ಗ್ರಿಡ್ಡೂ ನಿಮ್ಮ ಕಲೆಕ್ಷನ್‌ಗೆ ನೇರವಾಗಿ ಅಂಟಿಕೊಳ್ಳುವುದಿಲ್ಲ. ನಡುವೆ ಒಂದು ವ್ಯೂ, ಅಂದರೆ ಪಟ್ಟಿಯನ್ನು ತೋರಿಸುವ ನೋಟ, ಇರುತ್ತದೆ. ನೀವು ಕಲೆಕ್ಷನ್ ಅನ್ನೇ ಗ್ರಿಡ್‌ನ ಐಟಮ್ಸ್‌ಸೋರ್ಸ್‌ಗೆ ಕೊಟ್ಟರೆ ಡಬ್ಲ್ಯುಪಿಎಫ್ ತಾನೇ ಒಂದು ಡೀಫಾಲ್ಟ್ ವ್ಯೂ ಹುಟ್ಟಿಸುತ್ತದೆ. ಒಂದು ಕಲೆಕ್ಷನ್‌ಗೆ ಡೀಫಾಲ್ಟ್ ವ್ಯೂ ಒಂದೇ. ಅದೇ ಕಲೆಕ್ಷನ್ ಅನ್ನು ಹತ್ತು ಗ್ರಿಡ್‌ಗಳಿಗೆ ಕೊಟ್ಟರೂ ಹತ್ತೂ ಅದೇ ವ್ಯೂ ಹಂಚಿಕೊಳ್ಳುತ್ತವೆ. ಫಿಲ್ಟರ್, ವಿಂಗಡಣೆ, ಗುಂಪು ಮಾಡುವುದು, ‘ಪ್ರಸ್ತುತ ಸಾಲು’ ಇವೆಲ್ಲ ವ್ಯೂಗೆ ಸೇರಿದ ಸಂಗತಿಗಳು, ದತ್ತಾಂಶಕ್ಕೆ ಸೇರಿದವಲ್ಲ. ಹಾಗಾಗಿ ಒಂದು ಟ್ಯಾಬಿನ ಫಿಲ್ಟರ್ ಎಲ್ಲ ಟ್ಯಾಬಿಗೂ ತಗಲುತ್ತದೆ.

ಪರಿಹಾರ ಇದರಲ್ಲೇ ಇದೆ. ಕಲೆಕ್ಷನ್ ಒಂದೇ ಇರಲಿ, ವ್ಯೂಗಳು ಮೂರಾಗಲಿ. ವ್ಯೂಮಾಡೆಲ್‌ನಲ್ಲಿ (ಪರದೆಗೆ ಬೇಕಾದ ದತ್ತಾಂಶ ಹಿಡಿದಿರುವ ಕ್ಲಾಸ್) ಅದೇ ಅಬ್ಸರ್ವಬಲ್‌ಕಲೆಕ್ಷನ್ ಕೊಟ್ಟು ಮೂರು ಸಲ ಹೊಸ ಲಿಸ್ಟ್‌ಕಲೆಕ್ಷನ್‌ವ್ಯೂ ರಚಿಸಿ. ಒಂದೊಂದಕ್ಕೂ ಅದರದ್ದೇ ಫಿಲ್ಟರ್ ಕೊಡಿ. ಫಿಲ್ಟರ್ ಎಂದರೆ ಒಂದು ವಸ್ತುವನ್ನು ಪಡೆದು ಹೌದು ಅಥವಾ ಇಲ್ಲ ಎನ್ನುವ ಪ್ರೆಡಿಕೇಟ್. ಮೂರು ಗ್ರಿಡ್‌ಗಳಿಗೆ ಈ ಮೂರು ವ್ಯೂಗಳನ್ನು ಬೈಂಡ್ ಮಾಡಿ. ಪರದೆಯನ್ನು ವಿವರಿಸುವ ಎಕ್ಸಾಮಲ್ ಕಡತದಲ್ಲೇ ಮಾಡಬೇಕೆಂದರೆ ರಿಸೋರ್ಸ್‌ನಲ್ಲಿ ಮೂರು ಕಲೆಕ್ಷನ್‌ವ್ಯೂಸೋರ್ಸ್ ಇಡಿ. ಒಂದೊಂದೂ ತನ್ನದೇ ವ್ಯೂ ರಚಿಸುತ್ತದೆ, ಫಿಲ್ಟರ್ ಅಲ್ಲಿ ಈವೆಂಟ್ ರೂಪದಲ್ಲಿ ಬರುತ್ತದೆ. ಆ ಈವೆಂಟಿಗೆ ಒಂದಕ್ಕಿಂತ ಹೆಚ್ಚು ಹ್ಯಾಂಡ್ಲರ್ ಸೇರಿಸುವುದಾದರೆ ಯಾವುದೂ ‘ಈ ಸಾಲು ಇರಲಿ’ ಎನ್ನುವ ಅಕ್ಸೆಪ್ಟೆಡ್ ಅನ್ನು ಟ್ರೂ ಎಂದು ಬರೆಯಬಾರದು, ಬೇಡವಾದಾಗ ಫಾಲ್ಸ್ ಎಂದಷ್ಟೇ ಬರೆಯಬೇಕು. ಇಲ್ಲವಾದರೆ ಮೊದಲ ಹ್ಯಾಂಡ್ಲರ್ ತಡೆದಿದ್ದನ್ನು ಎರಡನೆಯದು ಒಳಗೆ ಬಿಡುತ್ತದೆ.

ಹತ್ತು ಸಾವಿರ ಲಾಟ್ ಇದ್ದರೂ ಭಯ ಬೇಡ. ವ್ಯೂ ವಸ್ತುಗಳನ್ನು ನಕಲು ಮಾಡುವುದಿಲ್ಲ, ಅದೇ ಲಾಟ್ ವಸ್ತುವಿನ ಕಡೆ ಬೆರಳು ತೋರಿಸುತ್ತದೆ.

ದ್ರಾಕ್ಷಿಸೀಮೆ (ವಿಜಯಪುರ)

ಅಕ್ಕಾ, ಕೋಟಿ ಧನ್ಯವಾದ. ಮೂರು ಲಿಸ್ಟ್‌ಕಲೆಕ್ಷನ್‌ವ್ಯೂ ಮಾಡಿದೆ, ಮೂರು ಟ್ಯಾಬ್‌ಗಳೂ ತಮ್ಮ ತಮ್ಮ ಪಾಡಿಗೆ ಕೆಲಸ ಮಾಡುತ್ತಿವೆ. ಹೊಸ ಲಾಟ್ ಸೇರಿಸಿದರೆ ಬೇಕಾದ ಟ್ಯಾಬ್‌ಗಳಲ್ಲಿ ತಾನಾಗಿಯೇ ಬರುತ್ತದೆ. ನೋಡಿ ಬಹಳ ಸಂತೋಷವಾಯಿತು.

ಒಂದು ಸಂಗತಿ ಮಾತ್ರ ಕೈಗೆ ಸಿಗುತ್ತಿಲ್ಲ. ರೈತರು ಬಂದು ಬಾಡಿಗೆ ಪೂರ್ತಿ ಕಟ್ಟುತ್ತಾರೆ. ಪಾವತಿ ನಮೂದಿಸಿದ ಕೂಡಲೇ ಆ ಸಾಲಿನಲ್ಲಿ ಬಾಕಿ ಸೊನ್ನೆ ಎಂದು ತೋರುತ್ತದೆ, ಆದರೆ ಸಾಲು ಬಾಕಿ ಟ್ಯಾಬಿನಲ್ಲೇ ಕುಳಿತಿರುತ್ತದೆ. ರಿಫ್ರೆಶ್ ಕರೆದರೆ ಹೋಗುತ್ತದೆ. ಪ್ರತಿ ಬದಲಾವಣೆಗೂ ರಿಫ್ರೆಶ್ ಕರೆಯುತ್ತಾ ಇರಬೇಕೇ?

ಕುಂದಾನಗರಿ (ಬೆಳಗಾವಿ)

ಬೇಡ. ಕಲೆಕ್ಷನ್‌ಗೆ ವಸ್ತು ಸೇರಿದಾಗ, ಹೋದಾಗ ವ್ಯೂಗೆ ಸುದ್ದಿ ತಲುಪುತ್ತದೆ. ವಸ್ತುವಿನ ಒಳಗಿನ ಗುಣ ಬದಲಾದರೆ ಗ್ರಿಡ್‌ನ ಕೋಶ ಬದಲಾಗುತ್ತದೆ, ಆದರೆ ಫಿಲ್ಟರ್ ಮತ್ತೊಮ್ಮೆ ಓಡುವುದಿಲ್ಲ. 2012ರ ಡಾಟ್‌ನೆಟ್ 4.5ರಲ್ಲಿ ಇದಕ್ಕೆಂದೇ ಲೈವ್ ಶೇಪಿಂಗ್ ಸೇರಿಸಿದರು. ಬಾಕಿ ವ್ಯೂನಲ್ಲಿ ಈಸ್‌ಲೈವ್‌ಫಿಲ್ಟರಿಂಗ್ ಅನ್ನು ಟ್ರೂ ಮಾಡಿ, ಲೈವ್‌ಫಿಲ್ಟರಿಂಗ್‌ಪ್ರಾಪರ್ಟೀಸ್ ಪಟ್ಟಿಗೆ ‘ಬಾಕಿ’ ಗುಣದ ಹೆಸರನ್ನು ಸೇರಿಸಿ. ಎಕ್ಸಾಮಲ್‌ನ ಕಲೆಕ್ಷನ್‌ವ್ಯೂಸೋರ್ಸ್‌ನಲ್ಲಾದರೆ ಈಸ್‌ಲೈವ್‌ಫಿಲ್ಟರಿಂಗ್‌ರಿಕ್ವೆಸ್ಟೆಡ್.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದ ಜಾಗ ಒಂದಿದೆ. ನಿಮ್ಮ ‘ಬಾಕಿ’ ಬಹುಶಃ ಲೆಕ್ಕ ಹಾಕಿ ಬರುವ ಗುಣ: ಬಾಡಿಗೆಯಿಂದ ಪಾವತಿ ಕಳೆದರೆ ಉಳಿಯುವುದು. ಪಾವತಿಯನ್ನು ಬದಲಿಸಿದಾಗ ನಿಮ್ಮ ಲಾಟ್ ಕ್ಲಾಸ್ ‘ಪಾವತಿ’ ಎಂಬ ಹೆಸರಿನಲ್ಲಿ ಮಾತ್ರ ಪ್ರಾಪರ್ಟಿಚೇಂಜ್ಡ್ (ಗುಣ ಬದಲಾಯಿತು ಎಂಬ ಸುದ್ದಿ) ಕೂಗಿದರೆ ಸಾಲದು, ‘ಬಾಕಿ’ ಹೆಸರಿನಲ್ಲೂ ಕೂಗಬೇಕು. ಬಾಡಿಗೆ ಬದಲಾದಾಗಲೂ ಅಷ್ಟೇ. ನೀವು ಪಟ್ಟಿಯಲ್ಲಿ ಬರೆದ ಹೆಸರಿನ ಕೂಗನ್ನು ಮಾತ್ರ ಲೈವ್ ಫಿಲ್ಟರ್ ಆಲಿಸುತ್ತದೆ. ನಿಮ್ಮ ಪ್ರೆಡಿಕೇಟ್ ಒಳಗೆ ಏನೇನು ಓದುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಇದೇ ಕಾರಣಕ್ಕೆ ನಿಮ್ಮ ಮೂರನೇ ಟ್ಯಾಬಿನ ಮೇಲೆ ನನಗೆ ಕಾಳಜಿ. ‘ಇವತ್ತು ಹೊರಹೋಗಬೇಕಾದವು’ ಎಂಬ ಷರತ್ತು ಲಾಟ್‌ನ ದಿನಾಂಕವನ್ನು ಇವತ್ತಿನ ದಿನಾಂಕಕ್ಕೆ ಹೋಲಿಸುತ್ತದೆ. ರಾತ್ರಿ ಕಂಪ್ಯೂಟರ್ ಆರಿಸದೆ ಹೋದರೆ ಬೆಳಿಗ್ಗೆ ಅದೇ ಟ್ಯಾಬಿನಲ್ಲಿ ನಿನ್ನೆಯ ಪಟ್ಟಿ ಇರುತ್ತದೆ. ಯಾವ ಲಾಟ್‌ನ ಯಾವ ಗುಣವೂ ಬದಲಾಗಿಲ್ಲ, ಬದಲಾದದ್ದು ಹೊರಗಿನ ದಿನ. ಲೈವ್ ಫಿಲ್ಟರ್‌ಗೆ ಅದು ತಿಳಿಯುವ ದಾರಿಯೇ ಇಲ್ಲ. ಹುಡುಕು ಪೆಟ್ಟಿಗೆಯ ಪಠ್ಯವೂ ಇದೇ ಜಾತಿಯದು. ಷರತ್ತು ವಸ್ತುವಿನ ಹೊರಗಿನ ಯಾವುದನ್ನಾದರೂ ಅವಲಂಬಿಸಿದ್ದರೆ ಆ ಹೊರಗಿನದು ಬದಲಾದಾಗ ನೀವೇ ರಿಫ್ರೆಶ್ ಕರೆಯಬೇಕು. ದಿನ ಬದಲಾದದ್ದನ್ನು ಒಂದು ಟೈಮರ್‌ನಿಂದ ಗಮನಿಸಿ. ಹುಡುಕು ಪೆಟ್ಟಿಗೆಯ ಬೈಂಡಿಂಗ್‌ಗೆ ಡಿಲೇ ಎಂದು 300 ಮಿಲಿಸೆಕೆಂಡ್ ಕೊಡಿ; ಒಂದೊಂದು ಅಕ್ಷರಕ್ಕೂ ಇಡೀ ಪಟ್ಟಿ ಸೋಸುವುದು ತಪ್ಪುತ್ತದೆ.

ಇಳಕಲ್‌ಸೆರಗು (ಇಳಕಲ್)

ನಾನು ಸೀರೆ ವ್ಯಾಪಾರಿಗಳಿಗೆ ದಾಸ್ತಾನು ತಂತ್ರಾಂಶ ಬರೆದುಕೊಡುತ್ತೇನೆ, ಇನ್ನೂ ಮೈಕ್ರೋಸಾಫ್ಟ್‌ನ ಹಳೆಯ ವಿನ್‌ಫಾರ್ಮ್ಸ್‌ನಲ್ಲೇ. ಅಲ್ಲಿಯೂ ಇದೇ ಕಥೆ ಎಂದು ವಿನ್‌ಫಾರ್ಮ್ಸ್ ಬಳಸುವವರಿಗಾಗಿ ಬರೆಯುತ್ತಿದ್ದೇನೆ. ಒಂದೇ ಡೇಟಾಟೇಬಲ್ (ಮೆಮೊರಿಯಲ್ಲಿನ ಕೋಷ್ಟಕ) ಮೇಲೆ ಗ್ರಿಡ್ ಜೋಡಿಸುವ ಎರಡು ಬೈಂಡಿಂಗ್‌ಸೋರ್ಸ್ ಇಟ್ಟರೆ ಎರಡೂ ಬೇರೆ ಬೇರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ. ಎರಡೂ ಟೇಬಲ್‌ನ ಡೀಫಾಲ್ಟ್‌ವ್ಯೂ ಎಂಬ ಒಂದೇ ಡೇಟಾವ್ಯೂ ಮೇಲೆ ಕೂರುತ್ತವೆ, ಒಂದರ ಫಿಲ್ಟರ್ ಇನ್ನೊಂದಕ್ಕೂ ಬೀಳುತ್ತದೆ. ರೇಷ್ಮೆ ಸೀರೆಗಳ ಗ್ರಿಡ್‌ಗೆ ಫಿಲ್ಟರ್ ಹಾಕಿದರೆ ಹತ್ತಿ ಸೀರೆಗಳ ಗ್ರಿಡ್‌ನಲ್ಲೂ ರೇಷ್ಮೆಯೇ ಕಾಣುತ್ತದೆ. ಒಂದೊಂದು ಗ್ರಿಡ್‌ಗೂ ಆ ಟೇಬಲ್‌ನಿಂದ ಹೊಸ ಡೇಟಾವ್ಯೂ ರಚಿಸಿ, ಅದರ ರೋಫಿಲ್ಟರ್‌ಗೆ ‘ಬಾಕಿ > 0’ ಎಂಬಂಥ ಸಾಲು ಕೊಡಬೇಕು.

ಡೇಟಾವ್ಯೂವನ್ನು ಡಬ್ಲ್ಯುಪಿಎಫ್‌ಗೆ ಒಯ್ದರೂ ಜಾಗ್ರತೆ ಬೇಕು. ಅಲ್ಲಿ ಸಿಗುವುದು ಬೈಂಡಿಂಗ್‌ಲಿಸ್ಟ್‌ಕಲೆಕ್ಷನ್‌ವ್ಯೂ. ಅದು ಪ್ರೆಡಿಕೇಟ್ ಫಿಲ್ಟರ್ ಒಪ್ಪುವುದಿಲ್ಲ, ಕಸ್ಟಮ್‌ಫಿಲ್ಟರ್ ಎಂಬ ಪಠ್ಯ ಮಾತ್ರ ಒಪ್ಪುತ್ತದೆ, ಆ ಪಠ್ಯ ನೇರವಾಗಿ ಕೆಳಗಿನ ಡೇಟಾವ್ಯೂಗೆ ಹೋಗುತ್ತದೆ. ಹಾಗಾಗಿ ಅಲ್ಲಿಯೂ ಡೇಟಾವ್ಯೂಗಳು ಬೇರೆ ಇರಲೇಬೇಕು.

ಘಟಪ್ರಭಾತೀರ (ಮುಧೋಳ)

ಮೂರು ಪಟ್ಟಿ ಬೇಡ ಎಂಬ ವಾದ ಒಪ್ಪಿದೆ. ಆದರೆ ಮೂಲದಲ್ಲೇ ಕೇಳುತ್ತೇನೆ: ಎಲ್ಲವನ್ನೂ ಮೆಮೊರಿಗೆ ತರುವುದಾದರೂ ಏಕೆ? ಎಸ್‌ಕ್ಯುಎಲೈಟ್ ಇದೆ. ಟ್ಯಾಬ್ ತೆರೆದಾಗ ಆ ಟ್ಯಾಬಿಗೆ ಬೇಕಾದ ಸೆಲೆಕ್ಟ್ ಪ್ರಶ್ನೆ ಓಡಿಸಿದರೆ ಫಿಲ್ಟರ್ ಕೆಲಸವನ್ನು ಡೇಟಾಬೇಸ್ ಮಾಡುತ್ತದೆ. ನಮ್ಮ ಭಾಗದ ಸಕ್ಕರೆ ಕಾರ್ಖಾನೆಯೊಂದರ ತೂಕದ ಕಾಟಾ ದಾಖಲೆಗಳನ್ನು ನಾನು ಹಾಗೆಯೇ ತೋರಿಸುತ್ತೇನೆ. ಹಂಗಾಮು ಪೂರ್ತಿಯ ಕಬ್ಬಿನ ಗಾಡಿಗಳನ್ನು ಯಾರೂ ಮೆಮೊರಿಯಲ್ಲಿ ಇಡುವುದಿಲ್ಲ.

ಕುಂದಾನಗರಿ (ಬೆಳಗಾವಿ)

ಅಣ್ಣಾ, ನಿಮ್ಮ ಕಾಟಾ ದಾಖಲೆಗಳಿಗೆ ಅದೇ ಸರಿಯಾದ ದಾರಿ. ತೂಕ ಆಗಿಹೋದ ಮೇಲೆ ಆ ದಾಖಲೆ ಬದಲಾಗುವುದಿಲ್ಲ, ಸಂಖ್ಯೆಯೂ ಅಪಾರ. ದ್ರಾಕ್ಷಿಸೀಮೆಯವರ ಪಟ್ಟಿ ಬೇರೆ ಬಗೆಯದು. ಅದು ಸಣ್ಣದು, ದಿನವಿಡೀ ಬದಲಾಗುತ್ತದೆ, ಒಂದೇ ಲಾಟ್ ಏಕಕಾಲಕ್ಕೆ ಮೂರು ಟ್ಯಾಬ್‌ಗಳಲ್ಲಿ ಕಾಣಬಹುದು. ಮೂರು ಸೆಲೆಕ್ಟ್‌ಗಳಿಂದ ಬಂದ ಅದೇ ಲಾಟ್ ಮೆಮೊರಿಯಲ್ಲಿ ಮೂರು ವಸ್ತುಗಳಾಗುತ್ತದೆ. ಒಂದರಲ್ಲಿ ಬಾಕ್ಸ್ ಸಂಖ್ಯೆ ತಿದ್ದಿದರೆ ಉಳಿದೆರಡು ಹಳೆಯದನ್ನೇ ತೋರಿಸುತ್ತವೆ. ಅದು ಮತ್ತೆ ಮೂರು ಪುಸ್ತಕಗಳ ತೊಂದರೆಯೇ, ಹೊಸ ಬಾಗಿಲಿನಿಂದ ಬಂದಿದೆ. ಈ ಋತುವಿನ ಚಾಲ್ತಿ ಲಾಟ್‌ಗಳು ಮೆಮೊರಿಯಲ್ಲಿರಲಿ, ಹಿಂದಿನ ವರ್ಷಗಳದ್ದನ್ನು ಸೆಲೆಕ್ಟ್ ಮೂಲಕ ತರಿಸಿಕೊಳ್ಳಲಿ. ನನಗೆ ಸರಿ ತೋರುವ ಗಡಿ ಅದು.

ಘಟಪ್ರಭಾತೀರ (ಮುಧೋಳ)

ಒಂದೇ ಲಾಟ್ ಮೂರು ವಸ್ತುವಾಗುತ್ತದೆ ಎಂಬ ಮಾತು ಸರಿ. ಬದಲಾಗುವ ದತ್ತಾಂಶಕ್ಕೆ ನಿಮ್ಮ ದಾರಿಯೇ ವಾಸಿ.

ಬಾರಾಕಮಾನ್ (ವಿಜಯಪುರ)

ನಾನು ಕ್ಯುಟಿ (ಪರದೆಗಳನ್ನು ಕಟ್ಟುವ ಇನ್ನೊಂದು ಸಲಕರಣೆ) ಬಳಸುವವನು. ಈ ಸಮಸ್ಯೆ ಮೈಕ್ರೋಸಾಫ್ಟ್ ಲೋಕದ್ದು ಮಾತ್ರವಲ್ಲ. ದತ್ತಾಂಶ ಒಂದು, ಅದನ್ನು ತೋರಿಸುವ ನೋಟಗಳು ಹಲವು ಎಂಬ ವಿಚಾರವನ್ನು ನಾರ್ವೆಯ ಕಂಪ್ಯೂಟರ್ ವಿಜ್ಞಾನಿ ಟ್ರಿಗ್ವೆ ರೀನ್ಸ್‌ಕೌಗ್ 1979ರಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಮಾಡೆಲ್-ವ್ಯೂ-ಕಂಟ್ರೋಲರ್ ಎಂದು ರೂಪಿಸಿದರು. ಆ ಮೇಲೆ ಬಂದ ಪ್ರತಿ ಸಲಕರಣೆಯೂ ಫಿಲ್ಟರ್ ಎಲ್ಲಿರಬೇಕು ಎಂಬ ಪ್ರಶ್ನೆಗೆ ತನ್ನದೇ ಉತ್ತರ ಕೊಟ್ಟಿದೆ.

ಕ್ಯುಟಿಯ ಉತ್ತರ ನನಗೆ ಬಹಳ ಹಿಡಿಸಿದ್ದು. ಮೂಲ ಮಾಡೆಲ್ ಮತ್ತು ಟೇಬಲ್ ನಡುವೆ ಕ್ಯುಸಾರ್ಟ್‌ಫಿಲ್ಟರ್‌ಪ್ರಾಕ್ಸಿಮಾಡೆಲ್ ಎಂಬುದನ್ನು ನೀವೇ ಕೈಯಾರೆ ಇಡಬೇಕು. ಎಷ್ಟು ನೋಟ ಬೇಕೋ ಅಷ್ಟು ಪ್ರಾಕ್ಸಿ. ಗುಟ್ಟಾಗಿ ಹಂಚಿಕೊಳ್ಳುವ ಡೀಫಾಲ್ಟ್ ಎಂಬುದೇ ಇಲ್ಲ, ಆದ್ದರಿಂದ ದ್ರಾಕ್ಷಿಸೀಮೆಯವರ ಮೊದಲ ತೊಂದರೆ ಇಲ್ಲಿ ಹುಟ್ಟುವುದಿಲ್ಲ. ಷರತ್ತನ್ನು ಫಿಲ್ಟರ್‌ಅಕ್ಸೆಪ್ಟ್ಸ್‌ರೋ ಎಂಬ ಫಂಕ್ಷನ್‌ನಲ್ಲಿ ಬರೆಯುತ್ತೇವೆ, ಹೊರಗಿನ ಷರತ್ತು ಬದಲಾದಾಗ ಇನ್‌ವ್ಯಾಲಿಡೇಟ್‌ಫಿಲ್ಟರ್ ಕರೆಯುತ್ತೇವೆ. ಜಾವಾದ ಪರದೆ ಸಲಕರಣೆ ಸ್ವಿಂಗ್‌ನಲ್ಲಿ 2006ರ ಜಾವಾ 6ರಿಂದ ಟೇಬಲ್‌ರೋಸಾರ್ಟರ್ ಮತ್ತು ರೋಫಿಲ್ಟರ್ ಇವೆ. ಅಲ್ಲಿ ಫಿಲ್ಟರ್ ಆಯಾ ಟೇಬಲ್‌ಗೆ ಸೇರಿದ್ದು, ಮಾಡೆಲ್ ಮಾತ್ರ ಹಂಚಿಕೆಯದು.

ಈ ಎರಡರಲ್ಲೂ ಒಂದು ಅಪಾಯವಿದೆ, ಅದು ಹಣಕ್ಕೇ ಕೈಹಾಕುತ್ತದೆ. ಫಿಲ್ಟರ್ ಹಾಕಿದ ಮೇಲೆ ಪರದೆಯ ನಾಲ್ಕನೇ ಸಾಲು ಮೂಲ ಮಾಡೆಲ್‌ನ ನಾಲ್ಕನೇ ಸಾಲಲ್ಲ. ಬಾಕಿ ಟೇಬಲ್‌ನಲ್ಲಿ ನಾಲ್ಕನೇ ಸಾಲನ್ನು ಆರಿಸಿ ‘ಪಾವತಿ’ ಒತ್ತಿದಾಗ ಆ ಸಂಖ್ಯೆಯನ್ನೇ ಮೂಲಕ್ಕೆ ಕೊಟ್ಟರೆ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾಗುತ್ತದೆ. ಕ್ಯುಟಿಯಲ್ಲಿ ಮ್ಯಾಪ್‌ಟುಸೋರ್ಸ್, ಸ್ವಿಂಗ್‌ನಲ್ಲಿ ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಬಳಸಿ ಮೂಲ ಸಾಲನ್ನು ಪಡೆದೇ ಮುಂದುವರಿಯಬೇಕು. ಡಬ್ಲ್ಯುಪಿಎಫ್‌ನಲ್ಲಿಯೂ ಸಾಲಿನ ಸಂಖ್ಯೆ ನಂಬಬೇಡಿ, ಸೆಲೆಕ್ಟೆಡ್‌ಐಟಮ್ ಮೂಲಕ ಲಾಟ್ ವಸ್ತುವನ್ನೇ ಹಿಡಿಯಿರಿ.

ದ್ರಾಕ್ಷಿಸೀಮೆ (ವಿಜಯಪುರ)

ಸರ್, ಸೆಲೆಕ್ಟೆಡ್‌ಐಟಮ್ ಬಳಸುತ್ತಿದ್ದೇನೆ, ಧೈರ್ಯ ಬಂತು. ಲೈವ್ ಫಿಲ್ಟರ್ ಕೂಡ ಸರಿಯಾಯಿತು. ‘ಬಾಕಿ’ ಹೆಸರಿನ ಕೂಗೇ ಬೇಕಾಗಿತ್ತು.

ಇನ್ನೆರಡು ಪ್ರಶ್ನೆ. ಒಂದು: ಗುಮಾಸ್ತರು ಮೊದಲ ಟ್ಯಾಬಿನಲ್ಲಿ ಒಂದು ಲಾಟ್ ಆರಿಸಿ ಬಾಕಿ ಟ್ಯಾಬಿಗೆ ಹೋದರೆ ಅದೇ ಲಾಟ್ ಅಲ್ಲಿಯೂ ಆಯ್ಕೆಯಾಗಿರಬೇಕು ಎನ್ನುತ್ತಾರೆ. ವ್ಯೂಗಳನ್ನು ಬೇರ್ಪಡಿಸಿದ ಮೇಲೆ ಅದು ಹೋಯಿತು. ಎರಡು: ಗ್ರಿಡ್‌ನ ಕೋಶದಲ್ಲಿ ಬಾಕ್ಸ್ ಸಂಖ್ಯೆ ತಿದ್ದುತ್ತಿರುವಾಗ ಟೈಮರ್‌ನ ರಿಫ್ರೆಶ್ ಓಡಿದರೆ ಇನ್‌ವ್ಯಾಲಿಡ್‌ಆಪರೇಷನ್‌ಎಕ್ಸೆಪ್ಷನ್ ಎಂಬ ದೋಷ ಬರುತ್ತದೆ.

ಕುಂದಾನಗರಿ (ಬೆಳಗಾವಿ)

ಎರಡನೆಯದು ಚಿಕ್ಕದು. ತಿದ್ದುವಿಕೆ ನಡೆಯುತ್ತಿರುವಾಗ ವ್ಯೂ ರಿಫ್ರೆಶ್ ಮಾಡಲು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಈಸ್‌ಎಡಿಟಿಂಗ್‌ಐಟಮ್, ಈಸ್‌ಆಡಿಂಗ್‌ನ್ಯೂ ಎರಡನ್ನೂ ನೋಡಿ. ಯಾವುದಾದರೂ ಒಂದು ಟ್ರೂ ಆಗಿದ್ದರೆ ಟೈಮರ್ ಮುಂದಿನ ಸರದಿಗೆ ಕಾಯಲಿ. ಬಲವಂತವಾಗಿ ಕಮಿಟ್ ಮಾಡಿಸಬೇಡಿ. 120 ಎಂದು ಬರೆಯಲು ಹೊರಟವರು 12ರ ತನಕ ಬಂದಿರುತ್ತಾರೆ, ಆ 12 ಉಳಿದುಬಿಡುತ್ತದೆ.

ಮೊದಲನೆಯದಕ್ಕೆ ಸ್ವಲ್ಪ ಯೋಚಿಸಬೇಕು. ಪ್ರಸ್ತುತ ಸಾಲು ಕೂಡ ವ್ಯೂಗೇ ಸೇರಿದ್ದು, ಹಾಗಾಗಿ ವ್ಯೂ ಬೇರೆಯಾದರೆ ಅದೂ ಬೇರೆಯಾಗುತ್ತದೆ. ನೀವು ಸ್ವತಃ ರಚಿಸಿದ ವ್ಯೂಗೆ ಬೈಂಡ್ ಆದ ಗ್ರಿಡ್ ತನ್ನ ಆಯ್ಕೆಯನ್ನು ಆ ವ್ಯೂನ ಪ್ರಸ್ತುತ ಸಾಲಿನೊಂದಿಗೆ ತಾನಾಗಿ ಹೊಂದಿಸಿಕೊಳ್ಳುತ್ತದೆ, ಟ್ಯಾಬ್ ತೆರೆದೊಡನೆ ಮೊದಲ ಸಾಲು ಆಯ್ಕೆಯಾಗಿರುವುದು ಅದಕ್ಕೇ. ಮೂರೂ ಗ್ರಿಡ್‌ಗಳ ಸೆಲೆಕ್ಟೆಡ್‌ಐಟಮ್ ಅನ್ನು ಒಂದೇ ಗುಣಕ್ಕೆ ಬೈಂಡ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬಾಕಿ ತೀರಿದ ಲಾಟ್ ಫಿಲ್ಟರ್‌ನಿಂದ ಹೊರಬಿದ್ದ ಕ್ಷಣ ಆ ಗ್ರಿಡ್‌ನ ಆಯ್ಕೆ ನಲ್ (ಖಾಲಿ) ಆಗುತ್ತದೆ, ಆ ನಲ್ ಹಂಚಿಕೆಯ ಗುಣಕ್ಕೂ ಬರೆಯಲ್ಪಟ್ಟು ಉಳಿದ ಟ್ಯಾಬ್‌ಗಳ ಆಯ್ಕೆಯನ್ನೂ ಅಳಿಸುತ್ತದೆ. ಅದರ ಬದಲು ‘ಕೊನೆಗೆ ಆರಿಸಿದ ಲಾಟ್’ ಎಂದು ವ್ಯೂಮಾಡೆಲ್‌ನಲ್ಲಿ ಬೇರೆ ಗುಣ ಇಡಿ. ಬಳಕೆದಾರರು ನಿಜವಾಗಿ ಆರಿಸಿದಾಗ ಮಾತ್ರ ಅದನ್ನು ತುಂಬಿ, ನಲ್ ಬಂದರೆ ಬಿಟ್ಟುಬಿಡಿ. ಟ್ಯಾಬ್ ಬದಲಾದಾಗ ಹೊಸ ಟ್ಯಾಬಿನ ವ್ಯೂನಲ್ಲಿ ಆ ಲಾಟ್ ಇದೆಯೇ ಎಂದು ಕಂಟೇನ್ಸ್‌ನಿಂದ ಕೇಳಿ, ಇದ್ದರೆ ಮೂವ್‌ಕರೆಂಟ್‌ಟು ಕರೆಯಿರಿ. ಇಲ್ಲದಿದ್ದರೆ ಏನೂ ಮಾಡಬೇಡಿ.

ಹೇಳುತ್ತಲೇ ಇನ್ನೊಂದು ಹೇಳಿಬಿಡುತ್ತೇನೆ. ಲಾಟ್ ಪಟ್ಟಿ ತಂತ್ರಾಂಶ ಮುಚ್ಚುವವರೆಗೆ ಬದುಕುತ್ತದೆ. ನೀವು ರೈತರ ವಿವರದ ಚಿಕ್ಕ ವಿಂಡೋ ತೆರೆದಾಗಲೆಲ್ಲ ಆ ಪಟ್ಟಿಯ ಮೇಲೆ ಹೊಸ ಲಿಸ್ಟ್‌ಕಲೆಕ್ಷನ್‌ವ್ಯೂ ರಚಿಸುತ್ತಿದ್ದರೆ, ಆ ವ್ಯೂ ಪಟ್ಟಿಯ ಬದಲಾವಣೆಗೆ ಕಿವಿಗೊಟ್ಟು ಕೂರುತ್ತದೆ, ವಿಂಡೋ ಮುಚ್ಚಿದರೂ ಮೆಮೊರಿಯಿಂದ ಇಳಿಯುವುದಿಲ್ಲ. ದಿನವಿಡೀ ತೆರೆದು ಮುಚ್ಚಿದರೆ ಕಂಪ್ಯೂಟರ್ ಸಂಜೆಯ ಹೊತ್ತಿಗೆ ಭಾರವಾಗುತ್ತದೆ. ವಿಂಡೋ ಮುಚ್ಚುವಾಗ ಡಿಟ್ಯಾಚ್‌ಫ್ರಮ್‌ಸೋರ್ಸ್‌ಕಲೆಕ್ಷನ್ ಕರೆಯಿರಿ.

ಇಳಕಲ್‌ಸೆರಗು (ಇಳಕಲ್)

ಹುಡುಕು ಪೆಟ್ಟಿಗೆಯ ಮಾತು ಬಂದದ್ದರಿಂದ ಕನ್ನಡದ ಬಗ್ಗೆ ಬರೆಯಲೇಬೇಕು, ನಮ್ಮ ಭಾಗದಲ್ಲಿ ಹೆಸರುಗಳು ಕನ್ನಡದಲ್ಲೇ ಇರುತ್ತವೆ. ಫಿಲ್ಟರ್ ಸರಿಯಾಗಿದ್ದರೂ ಹೆಸರು ಸಿಗುವುದಿಲ್ಲ ಎಂಬ ದೂರು ಬಂದರೆ ಅಕ್ಷರಗಳ ಒಳಗೆ ನೋಡಿ. ‘ಗೋ’ ಎಂಬುದರ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ, ಹೋಲಿಸಿದರೆ ಬೇರೆ. ರ ಅಕ್ಷರದ ಒತ್ತಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಸೇರಿಕೊಂಡಿದ್ದರೂ ಅದೇ ಗತಿ. ದಾಖಲೆಯ ಹೆಸರನ್ನೂ ಹುಡುಕುವ ಪದವನ್ನೂ ನಾರ್ಮಲೈಸ್ ಮಾಡಿ, ಅಂದರೆ ಒಂದೇ ಸಂಕೇತರೂಪಕ್ಕೆ ತಂದು, ಜಾಯ್ನರ್‌ಗಳನ್ನು ತೆಗೆದು, ಆ ಮೇಲೆ ಹೋಲಿಸಿ. ಪ್ರೆಡಿಕೇಟ್ ಒಳಗೆ ಪ್ರತಿ ಸಲವೂ ಇದನ್ನು ಮಾಡದೆ, ಹೆಸರು ಬದಲಾದಾಗ ಮಾತ್ರ ಮಾಡಿ ‘ಹುಡುಕುವ ಹೆಸರು’ ಎಂದು ಲಾಟ್‌ನಲ್ಲೇ ಇಟ್ಟುಕೊಳ್ಳಿ.

ಹಳೆಯ ದಾಖಲೆಗಳು ಯುನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿದ್ದರೆ ಅವು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲು. ಯಾವ ಫಿಲ್ಟರ್ರೂ ಅಲ್ಲಿ ಕೆಲಸ ಮಾಡದು. ಮೊದಲು ಇಡೀ ಡೇಟಾಬೇಸ್ ಅನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು.

ದ್ರಾಕ್ಷಿಸೀಮೆ (ವಿಜಯಪುರ)

ಅಕ್ಕಾ, ಟ್ಯಾಬ್ ಬದಲಿಸಿದಾಗ ಲಾಟ್ ಜೊತೆಗೇ ಬರುತ್ತಿದೆ. ಚಿಕ್ಕ ವಿಂಡೋ ನಮ್ಮಲ್ಲೂ ಇದೆ, ಡಿಟ್ಯಾಚ್ ಸೇರಿಸಿದೆ. ಇಳಕಲ್‌ನವರೇ, ಹಿಂದಿನ ಎರಡು ಋತುಗಳ ದಾಖಲೆ ನುಡಿಯಲ್ಲೇ ಇದೆ, ಪರಿವರ್ತಿಸುವ ಕೆಲಸ ಹಚ್ಚಿಕೊಂಡಿದ್ದೇನೆ. ಬಸಪ್ಪ ಎಂದು ಒಂದು ಕಡೆ, ಬಸವಪ್ಪ ಎಂದು ಇನ್ನೊಂದು ಕಡೆ ಬರೆದಿರುವ ಒಬ್ಬರೇ ರೈತರಿಗೆ ಏನು ಮಾಡುತ್ತೀರಿ?

ಇಳಕಲ್‌ಸೆರಗು (ಇಳಕಲ್)

ಅದನ್ನು ನಾರ್ಮಲೈಸ್ ಬಿಡಿಸಲಾರದು. ಹುಡುಕುವ ಪಠ್ಯಕ್ಕೆ ಹೆಸರಿನ ಜೊತೆ ಊರು ಮತ್ತು ಮೊಬೈಲ್ ಸಂಖ್ಯೆಯನ್ನೂ ಸೇರಿಸಿ. ಗುಮಾಸ್ತರು ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಒತ್ತಿದರೆ ಎರಡೂ ಬರಹದ ಲಾಟ್‌ಗಳು ಒಟ್ಟಿಗೆ ಬರುತ್ತವೆ. ಆಗ ಹೆಸರನ್ನು ಅಲ್ಲೇ ತಿದ್ದಿಸಿ.